ಮೀನು ಎಂತ ತಿಂದಿತ್ತು?

ನಮ್ಮ ಮನೆಯಲ್ಲಿ ಹಪ್ಪಳ ಸುಡುವುದು ಪ್ರಾಣಿಶಾಸ್ತ್ರದ ಚಿಮಟದಿಂದ. ನಂಬದಿದ್ದರೆ ಒಮ್ಮೆ ಕಾಸರಕೋಡಿಗೆ ಬಂದು ನೋಡಿ. ಕೇರಳದ್ದಲ್ಲ ಮತ್ತೆ, ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿದ ಕೂಡಲೇ ಸಿಗುವ ನಮ್ಮ ಕಾಸರಕೋಡು. ಬಂದರೆ ಹಪ್ಪಳವನ್ನೂ ತಿನ್ನಬಹುದು.

ಆ ಚಿಮಟ ನಾನು ಬಿ.ಎಸ್ಸಿ. ಓದುವಾಗ ಕೊಂಡ ಡಿಸೆಕ್ಷನ್ ಪೆಟ್ಟಿಗೆಯದು. ಪೆಟ್ಟಿಗೆಯಲ್ಲಿದ್ದ ಸಾಮಾನುಗಳೆಲ್ಲ ಒಂದೊಂದಾಗಿ ಸಂಸಾರಕ್ಕೆ ಬಿದ್ದಿವೆ. ದೊಡ್ಡ ಕತ್ತರಿ ಹಾಲಿನ ಪ್ಯಾಕೆಟ್ಟು ಕತ್ತರಿಸುತ್ತದೆ. ಸಣ್ಣ ಕತ್ತರಿ ನನ್ನ ಗಂಡ ಗಣಪತಿಯ ಮೀಸೆಯ ಸೇವೆಯಲ್ಲಿದೆ. ಅವರು ದೋಣಿ ಇಂಜಿನ್ನುಗಳ ಮೆಕ್ಯಾನಿಕ್. ಪೆಟ್ಟಿಗೆಯ ಸೂಜಿಗಳನ್ನೂ ಎಂದೋ ಬಂದರಿಗೆ ಒಯ್ದಿದ್ದಾರೆ, ಇಂಜಿನ್ನಿನ ಯಾವುದೋ ತೂತಿಗೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೂ ಹುಟ್ಟಿಲ್ಲವಂತೆ. ಭೂತಗನ್ನಡಿ ಬೇಲಿಯಾಚೆ ಆಯಿಯ, ಅಂದರೆ ನನ್ನ ಅಮ್ಮನ, ಮನೆಯಲ್ಲಿದೆ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವರು ಕೇರಿಯಲ್ಲಿ ಯಾರೇ ಇರಲಿ, ಆಯಿಯ ಹತ್ತಿರ ಹೋಗುತ್ತಾರೆ. ಹೀಗೆ ವಿಜ್ಞಾನವು ಜನಸಾಮಾನ್ಯರನ್ನು ತಲುಪಿದ್ದರ ಬಗ್ಗೆ ನನಗೆ ಹೆಮ್ಮೆಯೇ ಇದೆ.

ಖಾಲಿ ಪೆಟ್ಟಿಗೆ ಮಾತ್ರ ಅಟ್ಟದ ಮೇಲಿತ್ತು. ಮೊನ್ನೆ ನಾನು ಮಾರ್ಕ್ಸ್‌ ಕಾರ್ಡ್‌ ಹುಡುಕಲು ಏಣಿ ಹತ್ತಿದಾಗ ಕೈಗೆ ತಾಗಿತು. ತೆರೆದರೆ ಒಳಗೆ ತುಕ್ಕು ಹಿಡಿದ ಒಂದು ಸ್ಕಾಲ್ಪೆಲ್, ಅದರ ಪಕ್ಕದಲ್ಲಿ ಒಣಗಿ ಹೊಳೆಯುವ ಒಂದು ಮೀನಿನ ಹುರುಪೆ. ಏಣಿಯ ಮೇಲೆಯೇ ಕೂತು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಯಾವ ಮೀನಿನದಿರಬಹುದು ಎಂದು ಯೋಚಿಸುತ್ತ ಎಷ್ಟು ಹೊತ್ತು ಕೂತೆನೆಂದರೆ, ಕೆಳಗಿನಿಂದ ಗಂಡ, "ಬಿದ್ಯಾ ಹೇಗೆ?" ಎಂದು ಕೂಗಿದರು.

ಈ ವಯಸ್ಸಿನಲ್ಲಿ ಮಾರ್ಕ್ಸ್‌ ಕಾರ್ಡ್‌ ಯಾಕೆ ಬೇಕಾಯಿತು ಎಂದು ನೀವು ಕೇಳುತ್ತೀರಿ. ಊರಿನವರೂ ಅದನ್ನೇ ಕೇಳಿದರು. ಹೇಳುತ್ತೇನೆ.

ನಾನು ಭಟ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವವಳು. ನಮ್ಮ ಶಾಲೆಯಲ್ಲಿ ನಸೀಮಾ ಎಂಬ ಗಣಿತದ ಟೀಚರಿದ್ದಾರೆ, ಭಟ್ಕಳದವರೇ. ಮನೆಯಲ್ಲಿ ನವಾಯತಿ, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದಾಗ ಉರ್ದು. ಅವರು ಒಂದು ದಿನ ನನ್ನ ಮೊಬೈಲಿಗೆ ಒಂದು ಪ್ರಕಟಣೆ ಕಳಿಸಿದರು. ಗೋವಾದ ಕಡೆಯ ಒಂದು ಸಂಸ್ಥೆಯಲ್ಲಿ ಸಮುದ್ರ ಜೀವಶಾಸ್ತ್ರದ ಎಂ.ಎಸ್ಸಿ.; ವಯಸ್ಸಿನ ಮಿತಿಯಿಲ್ಲ; ಪದವಿ ಪಾಸಾಗಿದ್ದರೆ ಸಾಕು; ಶಿಕ್ಷಕರೂ ಅರ್ಜಿ ಹಾಕಬಹುದು.

"ಇದು ನಿಮಗೇ ಬರ್ದ ಹಾಗೆ ಉಂಟಲ್ಲ, ಶೈಲಾ ಟೀಚರ್!" ಅಂದರು.

"ಅರೇ, ನನಗೆ ನಲವತ್ತಾಗ್ತಾ ಬಂತು."

"ಆದ್ರೆ ಎಂತ ಆತು? ಸ್ಟಾಫ್ ರೂಮಿನಲ್ಲಿ ದಿನಾ ಯಾರ ಟಿಫಿನ್ನಿನ ಮೀನನ್ನು ಕಂಡರೂ ಇದು ಗಂಡಾ, ಹೆಣ್ಣಾ, ಯಾವ ನೀರಿನದು ಅಂತ ವಿಚಾರಣೆ ಮಾಡ್ತೀರಿ. ನಮಗೆ ಊಟ ಇಳಿಯೂದಿಲ್ಲ. ನೀವು ಅಲ್ಲಿಗೆ ಹೋದ್ರೆ ನಾವು ಸಮಾಧಾನದಲ್ಲಿ ತಿಂತೇವೆ."

ಆರೋಪ ಸುಳ್ಳಲ್ಲ. ಇದು ನನಗೆ ಹುಟ್ಟಿನಿಂದ ಅಂಟಿದ ಚಾಳಿ. ಆಯಿ ಮೀನು ಮಾರುತ್ತಿದ್ದವಳು. ಹೊನ್ನಾವರದ ಪೇಟೆಯಲ್ಲಿ ಅವಳ ಬುಟ್ಟಿಗೆ ಕಾಯಂ ಗಿರಾಕಿಗಳಿದ್ದರು. ಮಾರಿ ಉಳಿದದ್ದು ನಮ್ಮ ಸಾರಿಗೆ. ಹಿತ್ತಲಿನ ಕಲ್ಲಿನ ಮೇಲೆ ಈಳಿಗೆ ಇಟ್ಟು, ಪಾದದಿಂದ ಅದುಮಿ ಹಿಡಿದು ಅವಳು ಕೊಯ್ಯುವಾಗ ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆ. ಬೇರೆ ಮಕ್ಕಳಿಗೆ ಮೀನಿನ ತತ್ತಿಯ ಮೇಲೆ ಕಣ್ಣು. ನನಗೆ ಮಾತ್ರ ಹೊಟ್ಟೆಯ ಚೀಲದ ಮೇಲೆ. ಅದರೊಳಗೆ ಎಂತ ಇದೆ? ಸಾಯುವ ಮುಂಚೆ ಇದು ಎಲ್ಲಿ ಊಟ ಮಾಡಿತ್ತು? ಊಟಕ್ಕೆ ಎಂತ ಇತ್ತು? ಒಮ್ಮೆ ಒಂದು ದೊಡ್ಡ ಇಸೋಣ ಮೀನಿನ ಹೊಟ್ಟೆಯನ್ನು ಕಡ್ಡಿಯಿಂದ ಒಡೆದಾಗ ಒಳಗೆ ಇಡೀ ಒಂದು ತಾರ್ಲೆ ಮೀನು ಸಿಕ್ಕಿತು. ತಾರ್ಲೆಯ ಕಣ್ಣು ಕೂಡ ಹಾಗೇ ಇತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ತಾರ್ಲೆಯ ಹೊಟ್ಟೆಯಲ್ಲಿ ಎಂತ ಇರಬಹುದು ಎಂದು ಅದನ್ನೂ ಒಡೆಯಹೋದೆ.

ಬೆನ್ನಿಗೆ ಬಿತ್ತು ಒಂದು. ಆಯಿಯ ಕೈ ಒದ್ದೆಯಿತ್ತು, ಆದ್ದರಿಂದ ಸದ್ದು ಜೋರಾಗಿ ಬಂತು.

"ಸತ್ತದ್ದರ ಊಟ ನೋಡೂಕಾಗ! ಎಷ್ಟು ಸಲ ಹೇಳ್ಬೇಕೆ ನಿಂಗೆ?"

ಯಾಕೆ ಆಗದು ಎಂದು ಕೇಳಿದರೆ ಇನ್ನೊಂದು ಬೀಳುವ ಸಂಭವವಿತ್ತು. ಆಯಿ ಆ ಚೀಲಗಳನ್ನೆಲ್ಲ ಬಳಿದು ಬೆಕ್ಕಿಗೆ ಎಸೆಯುತ್ತಿದ್ದಳು. ಬೆಕ್ಕು ಕ್ಷಣದಲ್ಲಿ ನನ್ನ ಪ್ರಶ್ನೆಗಳನ್ನೆಲ್ಲ ತಿಂದು ಮುಗಿಸುತ್ತಿತ್ತು. ಆಯಿಯ ಇನ್ನೊಂದು ವಿದ್ಯೆಯನ್ನೂ ಇಲ್ಲಿ ಹೇಳಬೇಕು. ಹೊಟ್ಟೆ ಬಗೆಯುವಾಗ ಅವಳು ಮೀನನ್ನು ನೋಡುತ್ತಲೇ ಇರಲಿಲ್ಲ. ತಲೆಯೆತ್ತಿ ಎದುರಿನ ತೆಂಗಿನ ಮರವನ್ನು ನೋಡುತ್ತ, ಕೈಯನ್ನು ಮಾತ್ರ ಕೆಲಸಕ್ಕೆ ಬಿಡುತ್ತಿದ್ದಳು. ನಾನು ಶಾಲೆಯಲ್ಲಿ ಗೆಳತಿಯರ ಮುಂದೆ, "ನಮ್ಮ ಆಯಿ ಕಣ್ಣು ಮುಚ್ಚಿ ಮೀನು ಕೊಯ್ತಾಳೆ" ಎಂದು ಕೊಚ್ಚಿಕೊಂಡದ್ದಿದೆ.

ಹೀಗೆ ಶುರುವಾದ ಕುತೂಹಲ ನನ್ನನ್ನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಬಾಗಿಲಿಗೆ ತಂದು ನಿಲ್ಲಿಸಿತು. ಅಲ್ಲಿ ಹೆಗಡೆ ಸರ್ ಇದ್ದರು. ಕತಗಾಲದವರು, ತೋಟದ ಮನೆತನ. ಮೊಟ್ಟೆಯನ್ನು ಕೂಡ ಪುಸ್ತಕದ ಚಿತ್ರದಲ್ಲಷ್ಟೇ ಮುಟ್ಟಿದವರು. ಅಂಥವರಿಗೆ ಮೀನಿನ ಪಾಠ! ಪ್ರಾಕ್ಟಿಕಲ್ ದಿನ ಮೂಗಿಗೆ ಕರ್ಚೀಪು ಕಟ್ಟಿಕೊಂಡು ಬರುತ್ತಿದ್ದರು. ಆದರೆ ಒಮ್ಮೆ ಟ್ರೇಯ ಮೇಲೆ ಬಾಗಿದರೆ ಕರ್ಚೀಪು ಜಾರಿ ಕುತ್ತಿಗೆಗೆ ಬಂದದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. "ನೋಡಿ, ನೋಡಿ, ಕಿವಿರಿನ ಬಾಚಣಿಗೆ ಎಷ್ಟು ಚಂದ ಜೋಡಿಸಿಟ್ಟಿದೆ ನೋಡಿ" ಎಂದು ಮಗುವಿನ ಹಾಗೆ ಹಿಗ್ಗುತ್ತಿದ್ದರು. ಸಂಜೆ ಮನೆಗೆ ಹೋದರೆ ಬಾವಿಕಟ್ಟೆಯಲ್ಲಿ ಮಿಂದ ಮೇಲೆಯೇ ಅವರಿಗೆ ಒಳಗೆ ಪ್ರವೇಶ ಎಂದು ಹುಡುಗರು ಹೇಳುತ್ತಿದ್ದರು. ಸರ್‌ಗೆ ಎಲ್ಲ ಮೀನುಗಳ ಲ್ಯಾಟಿನ್ ಹೆಸರು ಬಾಯಿಪಾಠ. ನನಗೆ ಊರಿನ ಹೆಸರುಗಳು. ಲ್ಯಾಬಿನ ಬಕೆಟ್ಟಿನ ಎದುರು ನಿಂತು ಇಬ್ಬರೂ ಹೆಸರು ಬದಲಾಯಿಸಿಕೊಳ್ಳುತ್ತಿದ್ದೆವು. ಆ ಮೀನುಗಳೂ ಆಯಿಯ ಬುಟ್ಟಿಯಿಂದಲೇ ಬರುತ್ತಿದ್ದವು ಎನ್ನುವುದು ಬೇರೆ ವಿಷಯ.

ಇನ್ನು ಆ ಪರೀಕ್ಷೆಯ ಕತೆ. ಇದನ್ನು ಹೇಳದೆ ಬಿಟ್ಟರೆ ನಸೀಮಾ ಟೀಚರು ಹೇಳಿಯೇ ಹೇಳುತ್ತಾರೆ, ಅದಕ್ಕಿಂತ ನಾನೇ ಹೇಳುವುದು ವಾಸಿ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಘಟ್ಟದ ಮೇಲಿನ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ನನಗೆ ಬಂದ ಪ್ರಶ್ನೆ: ಬಂಗಡೆಯನ್ನು ಛೇದಿಸಿ ಜೀರ್ಣಾಂಗವ್ಯೂಹವನ್ನು ಪ್ರದರ್ಶಿಸಿ. ಹೊಟ್ಟೆಯ ಚೀಲ! ಜನ್ಮವಿಡೀ ಕಾದ ಪ್ರಶ್ನೆ. ಟ್ರೇಯಲ್ಲಿ ಬಂಗಡೆ ಇಟ್ಟುಕೊಂಡೆ, ಕತ್ತರಿ ಹಿಡಿದೆ. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ತಿಳಿಯದು. ಮನಸ್ಸು ವೈವಾ ಪ್ರಶ್ನೆಗಳಿಗೆ ಉತ್ತರ ಜೋಡಿಸುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸಕ್ಕೆ ಹತ್ತಿತು. ಪರೀಕ್ಷಕರು ಬಂದು ನಿಂತಾಗ ಟ್ರೇಯ ಮೇಲೆ ರೆಕ್ಕೆ ತೆಗೆದು, ಒಳಗೆಲ್ಲ ಬಳಿದು, ಎರಡು ಸಲ ನೀರಿನಲ್ಲಿ ತೊಳೆದು, ಓರೆಯಾಗಿ ಗೀರು ಹಾಕಿದ ಬಂಗಡೆ ಥಳಥಳ ಹೊಳೆಯುತ್ತ ಮಲಗಿತ್ತು. ಉಪ್ಪು ಖಾರ ಹಚ್ಚುವುದೊಂದು ಬಾಕಿ.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಜೀರ್ಣಾಂಗ ಎಲ್ಲಮ್ಮ?"

ನಾನು ಮೇಜಿನ ಕೆಳಗಿನ ಬಕೆಟ್ಟನ್ನು ತೋರಿಸಿದೆ.

ಹೆಗಡೆ ಸರ್ ಓಡಿ ಬಂದರು. ಬಂದವರೇ ಒಂದು ಕ್ಷಣ ಬಕೆಟ್ಟು ನೋಡಿದರು, ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಆ ಮಹಾನುಭಾವರು ತೋಳು ಮಡಚಿ ಬಕೆಟ್ಟಿಗೆ ಕೈ ಹಾಕಿ, ಸಿಕ್ಕಿದ್ದನ್ನೆಲ್ಲ ಎತ್ತಿ ಟ್ರೇಯ ಮೇಲೆ ಇಟ್ಟು, "ಇವಳು ಪ್ರತಿಯೊಂದನ್ನೂ ಗುರುತಿಸ್ತಾಳೆ, ಕೇಳಿ" ಅಂದರು. ಪರೀಕ್ಷಕರು ಕೇಳಿದರು, ನಾನು ಗುರುತಿಸಿದೆ. ಪಾಸಾದೆ. ಆದರೆ ಪಾಸಾಗುವಷ್ಟೇ ಅಂಕ. ಅದರಲ್ಲಿ ಬಿ.ಇಡಿ. ಸೀಟು ಸಿಗುತ್ತಿತ್ತು, ಎಂ.ಎಸ್ಸಿ. ಸಿಗುತ್ತಿರಲಿಲ್ಲ. ನಾನು ಟೀಚರಾದೆ, ಮದುವೆಯಾದೆ, ಚಿಮಟ ಹಪ್ಪಳಕ್ಕೆ ಹೋಯಿತು.

ಅಂಥವಳಿಗೆ ಈಗ ಅರ್ಜಿ ಹಾಕುವ ಹುಚ್ಚು ಹಿಡಿಯಿತು ನೋಡಿ. ಮನೆಯಲ್ಲಿ ವಿಷಯ ತೆಗೆದಾಗ ಗಂಡ ಇಂಜಿನ್ನಿನ ಯಾವುದೋ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು.

"ಎರಡು ವರ್ಷ ಅಲ್ಲಿರ್ಬೇಕು. ವಾರಕ್ಕೊಮ್ಮೆ ರೈಲಿನಲ್ಲಿ ಬರ್ಬಹುದು," ಅಂದೆ.

"ಅಡ್ಡಿಲ್ಲ."

"ಕಲಿತು ಬಂದ ಮೇಲೂ ಇದೇ ಶಾಲೆ, ಇದೇ ಪಾಠ."

"ಅಡ್ಡಿಲ್ಲ."

"ನನ್ನ ಜೊತೆ ಕೂರುವವರೆಲ್ಲ ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವ್ರು."

"ಅವ್ರಿಗೆ ಅಡ್ಡಿ ಇಲ್ದಿದ್ರೆ ನಂಗೆಂತದು? ನಿಂಗೆ ಹೋಗೂಕೆ ಮನಸುಂಟಾ ಇಲ್ವಾ, ಅದು ಹೇಳು."

ಅದೇ ಗೊತ್ತಿರಲಿಲ್ಲ. ಗಂಡ ತಡೆದಿದ್ದರೆ ಜಗಳವಾಡಿ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು. ಹೀಗೆ ಎಲ್ಲದಕ್ಕೂ ಅಡ್ಡಿಲ್ಲ ಎನ್ನುವವರ ಜೊತೆ ಬಾಳುವುದು ಸುಲಭವಲ್ಲ.

ಅರ್ಜಿಯಲ್ಲಿ ಎರಡು ತೊಡಕುಗಳಿದ್ದವು. ಒಂದು, ನನಗೆ ಪಾಠ ಹೇಳಿದ ಯಾರಾದರೂ ಶಿಫಾರಸು ಪತ್ರ ಕಳಿಸಬೇಕು. ಇನ್ನೊಂದು, ಯಾಕೆ ಓದಬೇಕೆಂದಿದ್ದೀರಿ ಎಂದು ಒಂದು ಪುಟ ಬರೆಯಬೇಕು. ಮೊದಲನೆಯದಕ್ಕೆ ಹೆಗಡೆ ಸರ್‌ಗೆ ಫೋನು ಮಾಡಿದೆ. ನಿವೃತ್ತರಾಗಿ ಕತಗಾಲದ ಮನೆಯಲ್ಲಿದ್ದರು. ಹೆಸರು ಹೇಳಿದ್ದೇ ತಡ, "ಬಕೆಟ್ಟಿನ ಶೈಲಾ ಅಲ್ವಾ?" ಅಂದರು. ಭಾನುವಾರ ಬಾ ಎಂದು ಕರೆದರು. ಅರ್ಜಿಗೆ ಕೊನೆಯ ದಿನ ಅದರ ಮರುದಿನ.

ಎರಡನೆಯ ತೊಡಕು ದೊಡ್ಡದು. ಮಕ್ಕಳಿಗೆ ಪ್ರಬಂಧ ಬರೆಸುವ ನಾನು, ಒಂದು ಪುಟಕ್ಕೆ ಎಷ್ಟು ಕಾಗದ ಹರಿದೆನೋ. 'ಬಾಲ್ಯದಿಂದಲೂ ನನಗೆ ಸಾಗರದ ಅಪಾರ ಜೀವರಾಶಿಯ ಬಗ್ಗೆ' ಎಂದು ಶುರು ಮಾಡಿದರೆ ನನಗೇ ನಗು ಬರುತ್ತಿತ್ತು. ಸಾಗರದ ಅಪಾರ ಜೀವರಾಶಿ ನಮ್ಮ ಮನೆಯಲ್ಲಿ ಯಾವಾಗಲೂ ಒಂದು ಬುಟ್ಟಿಯಷ್ಟು ಮಾತ್ರ ಇತ್ತು. ಬಸ್ಸಿನಲ್ಲಿ ಕೂತು ನಸೀಮಾ ಟೀಚರಿಗೆ ಫೋನು ಮಾಡಿ ಕೇಳಿದೆ.

"ನೀವು ದಿನಾ ನಮ್ಮ ಟಿಫಿನ್ನಿಗೆ ಕೇಳ್ತೀರಲ್ಲ, ಅದನ್ನೇ ಬರೀರಿ," ಅಂದರು.

ಬರೆದೆ. ನನಗೆ ಮೀನುಗಳು ಏನು ತಿನ್ನುತ್ತವೆ ಎಂದು ತಿಳಿಯಬೇಕಾಗಿದೆ. ನಮ್ಮ ಅಳಿವೆಯಲ್ಲಿ, ಅಂದರೆ ಶರಾವತಿ ಸಮುದ್ರಕ್ಕೆ ಸೇರುವ ಬಾಯಿಯಲ್ಲಿ, ಮಳೆಗಾಲದಲ್ಲಿ ಸಿಹಿನೀರು ನುಗ್ಗಿದಾಗ ನೊಗಲಿ ಮೀನಿನ ಊಟ ಬದಲಾಗುತ್ತದೆಯೇ? ಬೇಸಿಗೆಯಲ್ಲಿ ಅದು ಏನು ತಿನ್ನುತ್ತದೆ? ಇದನ್ನು ತಿಳಿಯಲು ಹೊಟ್ಟೆಯ ಚೀಲಗಳನ್ನು ಒಂದೊಂದಾಗಿ ತೆರೆದು ನೋಡಬೇಕು, ನೋಡಲು ನನಗೆ ಬೇಸರವಿಲ್ಲ. ಇಷ್ಟೇ. ಓದಿ ನೋಡಿದರೆ ಮೊದಲ ಬಾರಿಗೆ ನನ್ನದೇ ದನಿ ಕೇಳಿಸಿತು. ಕುಣಿಯುತ್ತ ಬೇಲಿ ದಾಟಿ ಆಯಿಗೆ ಓದಿ ಹೇಳಲು ಹೋದೆ.

ಆಯಿ ಮೊಣಕಾಲು ನೋವಿನಿಂದ ಪೇಟೆ ಬಿಟ್ಟಿದ್ದಾಳೆ, ಈಳಿಗೆ ಬಿಟ್ಟಿಲ್ಲ. ನಮ್ಮ ಎರಡೂ ಮನೆಯ ಮೀನು ಅವಳೇ ಕೊಯ್ಯುವುದು. ನಾನು ಓದುವುದಕ್ಕೆ ಹೋಗಬಹುದು ಎಂದಾಗ ಅವಳು ಏನೂ ಅಂದಿರಲಿಲ್ಲ. ಈಗ ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡಳು.

"ಓದೂಕೆ ಬೇರೆ ಎಂತ ಸಿಗ್ಲಿಲ್ವಾ ನಿಂಗೆ?"

"ಎಂತಕ್ಕೆ ಆಯಿ? ಇದರಲ್ಲಿ ತಪ್ಪೆಂತದು?"

"ತಪ್ಪಲ್ಲ," ಅಂದಳು. ಗೋಡೆಯ ಕಡೆ ನೋಡಿದಳು. ಅಲ್ಲಿ ಅವಳ ತಮ್ಮ, ನನ್ನ ಮಂಜು ಮಾವನ ಫೋಟೋ ಇದೆ. ನಾನು ಹುಟ್ಟುವ ಮೊದಲೇ ಅಳಿವೆಯಲ್ಲಿ ದೋಣಿ ಮಗುಚಿತ್ತು. ಉಳಿದವರು ಈಜಿ ದಡ ಸೇರಿದರು, ಮಾವ ಸೇರಲಿಲ್ಲ. ಇಷ್ಟು ನನಗೆ ಗೊತ್ತಿತ್ತು.

"ಅವ ಸಿಗ್ಲೇ ಇಲ್ಲ ನೋಡು," ಅಂದಳು ಆಯಿ. "ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಆಗ ಜನ ಎಂತ ಮಾತಾಡ್ತಿದ್ರು ಗೊತ್ತುಂಟಾ? ಸಮುದ್ರಕ್ಕೆ ಹೋದದ್ದು ಮೀನಿಗೆ ಅಂತ. ನನ್ನ ಎದುರಿಗೇ ಹೇಳ್ತಿದ್ರು. ಸೂತಕ ಕಳೀತು, ನಾ ಬುಟ್ಟಿ ಹೊತ್ತೆ. ಹೊರದಿದ್ರೆ ಒಲೆ ಉರೀತಿರ್ಲಿಲ್ಲ. ಹೊಟ್ಟೆ ಬಗೀಬೇಕಾದಾಗ ಬಗ್ದೆ. ಒಳಗೆ ಎಂತ ಉಂಟು ಅಂತ ನೋಡೂದು ಮಾತ್ರ ನನ್ನಿಂದ ಆಗ್ಲಿಲ್ಲ ಮಗಾ. ಇವತ್ತಿಗೂ ಆಗೂದಿಲ್ಲ. ನೀನು ಅದನ್ನೇ ನೋಡೂಕೆ ಹೋಗ್ತೆ ಅಂತೀಯಲ್ಲ, ಅದೂ ನಮ್ಮ ಅಳಿವೆದೇ."

ನನ್ನ ಕೈಯಲ್ಲಿದ್ದ ಕಾಗದ ಮಡಚಿಕೊಂಡೆ. ಅವಳು ತೆಂಗಿನ ಮರ ನೋಡುತ್ತ ಮೀನು ಕೊಯ್ಯುತ್ತಿದ್ದದ್ದು ನೆನಪಾಯಿತು. ಅದನ್ನು ವಿದ್ಯೆ ಎಂದು ಶಾಲೆಯಲ್ಲಿ ಕೊಚ್ಚಿಕೊಂಡಿದ್ದೆನಲ್ಲ. ಇಷ್ಟು ಕುತೂಹಲದ ಹುಡುಗಿ ಎಂದು ಹೆಸರು ಪಡೆದ ನಾನು ಎದುರಿಗೇ ಕೂತಿದ್ದ ಆಯಿಯ ಮುಖವನ್ನು ಮಾತ್ರ ಯಾಕೆ ನೋಡಲಿಲ್ಲವೋ!

"ಆತು ಆಯಿ, ಹೋಗೂದಿಲ್ಲ," ಅಂದೆ.

"ಹೋಗ್ಬೇಡ ಅಂತ ನಾ ಹೇಳ್ಲಿಲ್ಲ," ಅಂದಳು. ಆದರೆ ಹೋಗು ಅಂತಲೂ ಹೇಳಲಿಲ್ಲ.

ಭಾನುವಾರ ಕತಗಾಲಕ್ಕೆ ಹೋದದ್ದು ಪತ್ರ ಬೇಡ ಎಂದು ಹೇಳಲು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬಕೆಟ್ಟಿಗೆ ಕೈ ಹಾಕಿದವರಿಗೆ ಎದುರು ನಿಂತು ಹೇಳುವುದು ಮರ್ಯಾದೆ ಅನಿಸಿತು. ಕುಮಟೆಯಲ್ಲಿ ಬಸ್ಸಿಳಿದು ಶಿರಸಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತ ಹೆಂಗಸು ನಾನು ಯಾರ ಮನೆಗೆ, ಯಾವ ಕೆಲಸಕ್ಕೆ, ಯಾಕೆ ಸಪ್ಪಗಿದ್ದೇನೆ ಎಂದು ವಿಚಾರಿಸಿದಳು. ಪ್ರಶ್ನೆ ಕೇಳುವುದರಲ್ಲಿ ನನ್ನನ್ನೂ ಮೀರಿಸಿದವರು ಈ ತಾಲೂಕಿನಲ್ಲಿದ್ದಾರೆ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಬಾಗಿಲಿಗೆ ಬಂದವರು ಸರ್ ಅವರ ಹೆಂಡತಿ. ಒಳಗೆ ತಿರುಗಿ, "ನಿಂಗಳ ಬಕೆಟ್ಟಿನ ಹುಡುಗಿ ಬಂತು!" ಎಂದು ಕೂಗಿ, ನನ್ನ ಕಡೆ ನೋಡಿ, "ಬಾರೆ ತಂಗಿ, ಆಸರಿಗೆ ಎಂತ ಕೊಡ್ಲಿ?" ಅಂದರು. ಈ ಮನೆಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ. ಬಾಯಾರಿಕೆಗೆ ಎಂದು ಕೋಕಂ ಪಾನಕ ಬಂತು.

ಸರ್ ಅವರ ಕೂದಲೆಲ್ಲ ಬೆಳ್ಳಗಾಗಿತ್ತು, ಹಿಗ್ಗು ಹಾಗೇ ಇತ್ತು. ನಾನು ಬಂದ ವಿಷಯ ಹೇಳಿದೆ, ಆಯಿ ಹೇಳಿದ್ದನ್ನೂ ಹೇಳಿದೆ. ಉಪದೇಶ ಮಾಡಿಯಾರು ಎಂದು ಹೆದರಿದ್ದೆ. ಮಾಡಲಿಲ್ಲ. ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿದರು.

"ನೀನು ಇನ್ನು ಯಾವಾಗ ಸಿಗ್ತ್ಯೋ ಏನೋ. ಒಂದು ಮಾತು ಕೇಳ್ತೆ, ನಗಬಾರ್ದು."

"ಕೇಳಿ ಸರ್."

"ಬಂಗಡೆ... ರುಚಿ ಹೇಗಿರ್ತದೆ?"

ನಾನು ಪಾನಕದ ಲೋಟ ಕೆಳಗಿಟ್ಟೆ.

"ಅಲ್ಲ, ಇಡೀ ನೌಕರಿ ಅದರ ಪಾಠ ಮಾಡಿದೆ. ಮೂಳೆ ಎಷ್ಟು, ರಕ್ತ ಹೇಗೆ ಹರೀತದೆ, ಎಲ್ಲ ಗೊತ್ತು. ನೀವೆಲ್ಲ ಮಧ್ಯಾಹ್ನ ಅದರದೇ ಸಾರು ಉಂಡು ಕ್ಲಾಸಿಗೆ ಬರ್ತಿದ್ರಿ. ನಾ ಮಾತ್ರ ಹೊರಗಿನವ. ಯಾರನ್ನು ಕೇಳೂದು?"

ನಾನು ಹೇಳಲು ಹೊರಟೆ. ನೋಡಿ, ಹುಟ್ಟಿದಾಗಿನಿಂದ ತಿಂದ ವಸ್ತು, ಆದರೂ ಮಾತು ಸಿಗಲಿಲ್ಲ. "ಸ್ವಲ್ಪ ಎಣ್ಣೆಯಂಶ ಇರ್ತದೆ ಸರ್" ಅಂದೆ. "ತುಪ್ಪದ ಹಾಗೋ?" ಅಂದರು. ತುಪ್ಪದ ಹಾಗಲ್ಲ. "ಮೆತ್ತಗೆ, ಪದರು ಪದರು" ಅಂದೆ. "ಎಳೇ ಹಲಸಿನಕಾಯಿ ಬೇಯಿಸಿದ ಹಾಗೆ?" ಅಂದರು. ಅದೂ ಅಲ್ಲ. ಕಾವಲಿಯ ಮೇಲೆ ಚರ್ಮ ಗರಿಗರಿಯಾಗುವುದು, ಬೆನ್ನಿನ ಹತ್ತಿರದ ಕಪ್ಪು ಭಾಗಕ್ಕೆ ಬೇರೆಯದೇ ರುಚಿ ಇರುವುದು, ಮಳೆ ಕಳೆದು ಬಂದ ಬಂಗಡೆಗೆ ಕೊಬ್ಬು ಏರಿರುವುದು, ತೆಪ್ಪಲಕಾಯಿ ಹಾಕಿ ಮಾಡಿದ ಸಾರಿನಲ್ಲಿ ಅದು ಮರುದಿನ ಇನ್ನೂ ಚೆನ್ನಾಗಿರುವುದು, ಎಲ್ಲ ಹೇಳಿದೆ. ಕೈಯಾಡಿಸಿ ಹೇಳಿದೆ, ಎದ್ದು ನಿಂತು ಹೇಳಿದೆ. ಸರ್ ಬಾಯಿ ಅರ್ಧ ತೆರೆದು ಕೇಳುತ್ತಿದ್ದರು.

"ಇಲ್ಲ ಸರ್," ಎಂದು ಕೊನೆಗೆ ಕೂತೆ. "ಹೇಳೂಕೆ ಬರೂದಿಲ್ಲ. ತಿನ್ನಲೇಬೇಕು. ನಿಮಗೆ ಯಾವತ್ತೂ ತಿಂದು ನೋಡ್ವಾ ಅನಿಸ್ಲಿಲ್ವಾ?"

"ಅನಿಸ್ತಿತ್ತು. ಆದ್ರೆ ಹುಟ್ಟಿದ ಮನೆ, ಇವಳು, ಎಲ್ಲ ಉಂಟಲ್ಲ. ಈಗ ಈ ವಯಸ್ಸಿಗೆ ಬೇಡ." ನಕ್ಕರು. "ಕೇಳಿದ್ರೇ ಇಷ್ಟು ಗೊತ್ತಾತು. ಪತ್ರ ನಾನು ಹೇಗೂ ಕಳಿಸಿ ಇಡ್ತೆ ಮಾರಾಯ್ತಿ. ಹಾಕೂದು ಬಿಡೂದು ನಿನ್ನ ಮರ್ಜಿ."

ಆ ಸಂಜೆ ಆಯಿಯ ಮನೆಯ ಜಗಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಪತ್ರದ ಸುದ್ದಿಯನ್ನಲ್ಲ, ಬಂಗಡೆಯ ಸುದ್ದಿಯನ್ನು. ಆಯಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕಳು, ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕಳು.

"ತುಪ್ಪದ ಹಾಂಗೋ ಅಂದ್ರಾ! ಅಯ್ಯ ದೇವ್ರೆ! ಪಾಪ, ನಾ ಕೊಟ್ಟ ಮೀನೇ ಅಷ್ಟು ವರ್ಷ ನೋಡ್ತಾ ಕೂತ್ರು, ಒಂದು ತುಂಡು ಬಾಯಿಗೆ ಹಾಕ್ಲಿಲ್ಲ?"

"ಹಾಕ್ಲಿಲ್ಲ."

"ಎಂಥಾ ಜನ ಮಾರಾಯ್ತಿ!" ಮತ್ತೆ ನಕ್ಕಳು. ಅಂಗಳದಲ್ಲಿ ಬೆಕ್ಕು ಮೈ ನೆಕ್ಕುತ್ತಿತ್ತು, ಅದನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ತನಗೇ ಹೇಳಿಕೊಂಡ ಹಾಗೆ ಅಂದಳು: "ಅವ್ರು ನೋಡಿದ್ರು, ತಿನ್ಲಿಲ್ಲ. ನಾ ತಿಂದೆ, ನೋಡ್ಲಿಲ್ಲ."

ನಾನು ಎದ್ದು ಮನೆಗೆ ಬಂದೆ.

ಮರುದಿನ, ಅಂದರೆ ಅರ್ಜಿಯ ಕೊನೆಯ ದಿನ, ಶಾಲೆಗೆ ಯಾವುದೋ ರಜೆ. ಬೆಳಿಗ್ಗೆ ಚಾ ಕುಡಿಯುತ್ತಿದ್ದಾಗ ಬೇಲಿಯಾಚೆಯಿಂದ ಕೂಗು ಬಂತು.

"ಶೈಲಾ! ಬಾ ಇಲ್ಲಿ. ಬೇಗ ಬಾ, ಬೆಕ್ಕು ಕಾಯ್ತಾ ಉಂಟು."

ಹಿತ್ತಲಿನ ಕಲ್ಲಿನ ಮೇಲೆ ಈಳಿಗೆ, ಪಕ್ಕದಲ್ಲಿ ಅಳಿವೆಯಲ್ಲಿ ಹಿಡಿದ ನೊಗಲಿ ಮೀನುಗಳು, ಕೊಯ್ದು ತೊಳೆದವು. ಇನ್ನೊಂದು ಪಕ್ಕದಲ್ಲಿ ಒಂದು ಬಾಳೆಲೆಯ ತುಂಡು. ಅದರ ಮೇಲೆ ಹೊಟ್ಟೆಯ ಚೀಲಗಳು. ಒಂದನ್ನೂ ಒಡೆದಿರಲಿಲ್ಲ. ಆಯಿ ಒಂದು ಕೈಯಲ್ಲಿ ಬೆಕ್ಕಿಗೆ ಕೋಲು ಹಿಡಿದು ಕಾವಲು ಕೂತಿದ್ದಳು, ಇನ್ನೊಂದು ಕೈಯಲ್ಲಿ ನನ್ನ ಭೂತಗನ್ನಡಿ.

"ಒಡಿ," ಅಂದಳು.

"ಆಯಿ, ಬೇಡ."

"ಒಡಿ ಅಂದೆ. ನಾನೂ ನೋಡ್ತೆ."

ಮನೆಗೆ ಓಡಿ ಹಪ್ಪಳದ ಚಿಮಟ ತಂದೆ. ತುಕ್ಕು ಹಿಡಿದ ಸ್ಕಾಲ್ಪೆಲ್ಲನ್ನು ಕಲ್ಲಿಗೆ ಉಜ್ಜಿದೆ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ, ಮೊದಲಿನ ಹಾಗೆ. ಮೊಣಕಾಲು ಮಾತ್ರ ಮೊದಲಿನ ಹಾಗಿರಲಿಲ್ಲ. ಚೀಲವನ್ನು ಉದ್ದಕ್ಕೆ ಸೀಳಿದೆ. ಆಯಿ ತೆಂಗಿನ ಮರದ ಕಡೆ ನೋಡಲಿಲ್ಲ. ಭೂತಗನ್ನಡಿಯನ್ನು ಎಲೆಯ ಹತ್ತಿರಕ್ಕೆ ತಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಒಳಗೆ ಮೂರ್ನಾಲ್ಕು ಎಳೆ ಸಿಗಡಿ, ಒಂದು ಹುಳುವಿನ ತುಂಡು, ಸ್ವಲ್ಪ ಮರಳು.

"ಇದೆಂತದು?"

"ಸಿಗಡಿ ಮರಿ."

"ಇದು?"

"ಹುಳ. ಕೆಸರಿನಲ್ಲಿ ಇರ್ತದಲ್ಲ, ಅದು. ಇದು ಹೊಯಿಗೆ."

ಆಯಿ ಚಿಮಟ ಇಸಿದುಕೊಂಡು ಆ ಹೊಯಿಗೆಯನ್ನು ಬಾಳೆಲೆಯ ಮೇಲೆ ಹರಡಿ ಹರಡಿ ನೋಡಿದಳು. ಇನ್ನೊಂದನ್ನು ಒಡೆಯಲು ಹೇಳಿದಳು. ಅದರಲ್ಲೂ ಅದೇ. ಮತ್ತೊಂದರಲ್ಲೂ ಅದೇ.

"ಇಷ್ಟೇಯಾ?" ಅಂದಳು.

"ಇಷ್ಟೇ ಆಯಿ."

"ಇಷ್ಟೇ ತಿಂತದ್ಯಾ ಇದು?"

"ಇದರ ಬಾಯಿ ನೋಡು, ಎಷ್ಟು ಸಣ್ಣ. ಇಷ್ಟೇ ತಿಂಬೂಕೆ ಆಗೂದು."

ಆಯಿ ಭೂತಗನ್ನಡಿ ಕೆಳಗಿಟ್ಟು ಅಳತೊಡಗಿದಳು. ಸದ್ದಿಲ್ಲದೆ, ಒದ್ದೆ ಕೈಗಳನ್ನು ಮುಖದಿಂದ ದೂರ ಹಿಡಿದುಕೊಂಡು ಅತ್ತಳು. ನಾನು ಅವಳ ಸೆರಗಿನಿಂದಲೇ ಅವಳ ಕಣ್ಣೊರೆಸಿದೆ. ನನ್ನ ಕೈಯೂ ಮೀನಿನದೇ ಆಗಿತ್ತು, ಇಬ್ಬರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಸಮಾಧಾನವಾದ ಮೇಲೆ ಅವಳು ಮೂಗು ಎಳೆದುಕೊಂಡು ಮತ್ತೆ ಎಲೆಯ ಮೇಲೆ ಬಾಗಿದಳು.

"ಅಲ್ವೇ, ಮಳೆಗಾಲದಲ್ಲಿ ಅಳಿವೆಗೆ ಸಿಹಿನೀರು ಬಂದ್ರೆ ಈ ಸಿಗಡಿ ಮರಿ ಎಲ್ಲಾ ಎಲ್ಲಿಗೆ ಹೋಗ್ತದೆ? ಆಗ ಇದಕ್ಕೆ ಊಟಕ್ಕೆಂತ?"

"ಗೊತ್ತಿಲ್ಲ ಆಯಿ."

"ಗೊತ್ತಿಲ್ವಾ? ಟೀಚರಂತೆ!" ಎಂದು ಚಿಮಟದಿಂದ ನನ್ನ ಮೊಣಕೈಗೆ ಚುಚ್ಚಿದಳು. "ಹಂಗಾರೆ ಹೋಗಿ ತಿಳ್ಕಂಡು ಬಾ. ಬಂದು ನಂಗೆ ಹೇಳು."